ಮುರಿದ ತುಂಡನ್ನು ಬಿಸಾಡಬೇಡಿ

ಬದಿಯಡ್ಕದಲ್ಲಿ ನಾನು ಮಕ್ಕಳಿಗೆ ರೋಬೋಟ್ ಹೇಳಿಕೊಡುವ ಕೋಣೆಯಲ್ಲಿ ಒಂದು ಬಿಸ್ಕೆಟ್ ಡಬ್ಬಿ ಉಂಟು. ಅದರ ತುಂಬ ತುಂಡಾದ ಶಾಫ್ಟ್, ಸೀಳಿದ ಬ್ರಾಕೆಟ್, ಹಲ್ಲು ಉದುರಿದ ಗಿಯರ್. ಸ್ಪರ್ಧೆಯಲ್ಲಿ ರೋಬೋಟ್ ನಿಂತರೆ ಮಕ್ಕಳು ಮೊದಲು ಪ್ರೋಗ್ರಾಂ ನೋಡುತ್ತಾರೆ. ನಾನು ಮುರಿದ ತುಂಡು ಕೇಳುತ್ತೇನೆ.

ಮೊದಲು ಮುರಿದ ಜಾಗವನ್ನು ಬೆಳಕಿಗೆ ಹಿಡಿಯಿರಿ. ಲೋಹದ ತುಂಡು ಬಾಗಿ, ಎಳೆದ ಹಾಗಾಗಿ ಮುರಿದಿದ್ದರೆ ಒಮ್ಮೆಗೇ ಭಾರ ಜಾಸ್ತಿ ಬಿದ್ದಿದೆ. ಬಾಗದೆ ಮುರಿದು, ಒಂದು ಬದಿ ನಯವಾಗಿ, ಇನ್ನೊಂದು ಬದಿ ಒರಟಾಗಿದ್ದರೆ ಬಿರುಕು ಮೊದಲೇ ಇತ್ತು. ಅಲುಗಿದಾಗಲೆಲ್ಲ ಸ್ವಲ್ಪ ಸ್ವಲ್ಪ ಬೆಳೆದು, ಉಳಿದದ್ದು ಕೊನೆಗೆ ಪಟ್ಟನೆ ಹೋಗಿದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುತ್ತೇವಲ್ವಾ, ಅದೇ ಜಾತಿ. 3ಡಿ ಪ್ರಿಂಟ್ ಮಾಡಿದ್ದು ಪದರದಿಂದ ಪದರ ಬಿಟ್ಟು ಬಂದಿದ್ದರೆ, ಪ್ರಿಂಟ್‌ಗೆ ಇಡುವಾಗ ದಿಕ್ಕು ಬದಲಿಸಿ.

ಆಮೇಲೆ ಲೆಕ್ಕ. ಕಳೆದ ಸಲ ನಮ್ಮ ರೋಬೋಟ್‌ನ ಕೈ ಬುಡದ ತೂತಿನಲ್ಲೇ ಮುರಿಯಿತು. ಕೈ 40 ಸೆಂ.ಮೀ., ತುದಿಯಲ್ಲಿ 1 ಕೆ.ಜಿ. ಗುಣಿಸಿದರೆ ಬುಡಕ್ಕೆ 40 ಕೆ.ಜಿ.-ಸೆಂ.ಮೀ. ಮೋಟರಿನ ಟಾರ್ಕ್, ಅಂದರೆ ತಿರುಗಿಸುವ ಶಕ್ತಿ, ಬರೆಯುವುದೂ ಇದೇ ಅಳತೆಯಲ್ಲಿ. ಅಡಿಕೆ ಕೊಯ್ಯುವ ದೋಟಿಯನ್ನು ಬುಡದಲ್ಲಿ ಹಿಡಿದು ಅಡ್ಡಕ್ಕೆ ಎತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಥಟ್ಟನೆ ಭಾರ ಬಿಟ್ಟರೆ ಮೆಲ್ಲಗೆ ಇಟ್ಟದ್ದಕ್ಕಿಂತ ಎರಡು ಪಟ್ಟು ಹಿಡಿಯಿರಿ. ಎತ್ತರದಿಂದ ಬಿದ್ದರೆ ಇನ್ನೂ ಜಾಸ್ತಿ.

ನಮ್ಮ ತಪ್ಪು ಎರಡು. ಕೈಯ ಪಟ್ಟಿಯನ್ನು ಮಲಗಿಸಿ ಜೋಡಿಸಿದ್ದೆವು. 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಪಟ್ಟಿಯನ್ನು ಅಗಲದ ಬದಿ ನೆಟ್ಟಗಾಗುವ ಹಾಗೆ ನಿಲ್ಲಿಸಿದರೆ ಸುಮಾರು 8 ಪಟ್ಟು ಭಾರ ತಡೆಯುತ್ತದೆ. ಹೆಂಚಿನ ಮನೆಯ ಪಕ್ಕಾಸುಗಳನ್ನು ಸುಮ್ನೆ ನಿಲ್ಲಿಸಿದ್ದಲ್ಲ. ಎರಡನೆಯದು ತೂತು, ಭಾರ ಅತಿ ಜಾಸ್ತಿ ಇರುವ ಬುಡದಲ್ಲೇ ಕೊರೆದಿದ್ದೆವು. ತೂತಿನ ಅಂಚಿಗೆ ಒತ್ತಡ ಬಂದು ಸೇರುತ್ತದೆ. ಅಗಲ ತಗಡನ್ನು ಎಳೆದರೆ ಸಣ್ಣ ದುಂಡು ತೂತಿನ ಅಂಚಿಗೆ ಸುಮಾರು 3 ಪಟ್ಟು. ಈಗ ಪಟ್ಟಿ ನಿಲ್ಲಿಸಿ, ತೂತನ್ನು ಅದರ ಎತ್ತರದ ನಡುವೆ ಕೊರೆಯುತ್ತೇವೆ. ಬಾಗುವಾಗ ಮೇಲಿನ ಅಂಚು ಎಳೆಯುತ್ತದೆ, ಕೆಳಗಿನದು ಒತ್ತುತ್ತದೆ, ನಡುವೆ ಕೆಲಸ ಕಡಿಮೆ. ಒಳಮೂಲೆಗಳನ್ನು ಅರದಲ್ಲಿ ಉಜ್ಜಿ ದುಂಡಗೆ ಮಾಡಿ. ಎಲ್ಲವನ್ನೂ ಕಬ್ಬಿಣದಲ್ಲಿ ಮಾಡುವ ಆಸೆ ಬೇಡ. ಅದು ಅಲ್ಯೂಮಿನಿಯಂಗಿಂತ ಹತ್ತಿರ ಹತ್ತಿರ 3 ಪಟ್ಟು ಭಾರ.

“ಮಾಷ್ಟ್ರೇ, ಮೋಟರ್ ತಿರುಗ್ತಾ ಉಂಟು, ಚಕ್ರ ತಿರುಗುವುದಿಲ್ಲ” ಅಂತ ಬಂದರೆ ಗ್ರಬ್ ಸ್ಕ್ರೂ ನೋಡಿ, ಚಕ್ರವನ್ನು ಮೋಟರಿನ ಶಾಫ್ಟಿಗೆ ಬಿಗಿಯುವ ತಲೆಯಿಲ್ಲದ ಸಣ್ಣ ಸ್ಕ್ರೂ ಅದು. ದುಂಡು ಶಾಫ್ಟ್ ಮೇಲೆ ಅದರ ತುದಿ ಜಾರುತ್ತದೆ. ಸ್ಕ್ರೂ ಕೂರುವಲ್ಲಿ ಶಾಫ್ಟನ್ನು ಉಜ್ಜಿ ಚಪ್ಪಟೆ ಮಾಡಿ.

ಕೊನೆಗೆ ನಟ್ಟುಗಳು. ಒಳಗೆ ನೈಲಾನ್ ಬಳೆ ಇದ್ದು ಬೇಗ ಸಡಿಲಾಗದ ನೈಲಾಕ್ ನಟ್ಟು ಹಾಕಿ. ಬಿಗಿದ ಮೇಲೆ ನಟ್ಟಿನಿಂದ ತಗಡಿನವರೆಗೆ ಒಂದು ಗೆರೆ ಎಳೆಯಿರಿ. ಸ್ಪರ್ಧೆಯ ಪ್ರತಿ ಸುತ್ತು ಮುಗಿದಾಗ ನೋಡಿ, ಗೆರೆ ತುಂಡಾಗಿದ್ದರೆ ನಟ್ಟು ಸಡಿಲಾಗಿದೆ. ನಮ್ಮಲ್ಲಿ ಈ ಗೆರೆಗೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅಕ್ಕನಿಂದ ಕದ್ದು ತಂದ ಕೆಂಪು ನೈಲ್ ಪಾಲಿಶ್.