ಕುದುರೆ ತಲೆಯ ಚಾಕು ಪೊನ್ನಂಪೇಟೆಗೆ ಬಂದದ್ದು

ಕೊಡಗಿನವನೊಬ್ಬ ಚಾಕು ಕೊಳ್ಳುವ ಮೊದಲು ಕಾನೂನು ಓದಿದ ಎಂದರೆ ನಮ್ಮೂರಿನಲ್ಲಿ ನಗುತ್ತಾರೆ. ಮನೆಯಲ್ಲಿ ಕೋವಿ ಇರುವವರಿಗೆ ಚಾಕು ಯಾವ ಲೆಕ್ಕ ಎಂಬುದು ಅವರ ವಾದ. ಈ ವಾದ ಅರ್ಧ ಮಾತ್ರ ಸರಿ. 1861ರಿಂದ ನಡೆದುಬಂದ ವಿನಾಯಿತಿ ನಮಗಿದೆ. ಕೊಡವ ಜನಾಂಗದವರು ಮತ್ತು ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಬಹುದು. ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರ್‌ನಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು; 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಇರುವುದು ಆಯುಧವನ್ನು ಹೊಂದುವುದಕ್ಕೆ. ಹೊರದೇಶದಿಂದ ಆಯುಧ ತರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 10ನೇ ಕಲಮಿನ ವಿಷಯ. ಅಲ್ಲಿ ಕೊಡಗಿನವನೂ ಒಂದೇ, ಕೋಲಾರದವನೂ ಒಂದೇ. ಸುಂಕದ ಅಧಿಕಾರಿ ಪೊಟ್ಟಣವನ್ನು ತೆರೆಯುವ ಮೇಜಿನ ಮೇಲೆ ನಮ್ಮ ಕುಲಗೋತ್ರ ಇರುವುದಿಲ್ಲ, ವಸ್ತುವೂ ಅದರ ಕಾಗದಗಳೂ ಮಾತ್ರ ಇರುತ್ತವೆ.

ನಾನು ತರಿಸಲು ಹೊರಟದ್ದು ಫಿನ್ಲೆಂಡಿನ ಪೂಕ್ಕೊ. ಮಡಚದ, ಒಂದೇ ಅಂಚಿನ, ಅಂಗೈಯಷ್ಟು ಉದ್ದದ ಅಲಗಿನ ಚಾಕು ಅದು. ಮರ ಕೆತ್ತಲು, ಮೀನು ಸೀಳಲು ಅಲ್ಲಿಯ ಜನ ತಲೆತಲಾಂತರದಿಂದ ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದಾರೆ. ಆ ದೇಶದ ಪಶ್ಚಿಮದಲ್ಲಿರುವ ಕೌಹಾವ ಎಂಬ ಊರು ಈ ಚಾಕುಗಳಿಗೆ ಹೆಸರುವಾಸಿ. ಅಲ್ಲಿಯ ಒಂದು ಬಗೆಯ ಪೂಕ್ಕೊದಲ್ಲಿ ಹಿಡಿಯ ತುದಿಗೆ ಲೋಹದ ಕುದುರೆ ತಲೆ ಇರುತ್ತದೆ. ಅದರ ಚಿತ್ರವನ್ನು ಮೊದಲ ಸಲ ನೋಡಿದಾಗಲೇ ಮನಸ್ಸು ನಮ್ಮ ಪೀಚೆಕತ್ತಿಯತ್ತ ಹೋಯಿತು. ನಮ್ಮದರ ಹಿಡಿಯ ತುದಿಯಲ್ಲಿ ಗಿಣಿಯ ಕೊಕ್ಕು, ಅವರದರಲ್ಲಿ ಕುದುರೆಯ ಮೂತಿ. ಎರಡೂ ಉಡುಪಿನ ಜೊತೆ ಸೊಂಟದಲ್ಲಿ ಮೆರೆಯುವ ಚಾಕುಗಳೇ. ಕುಪ್ಯ ಎಂಬ ನಿಲುವಂಗಿ ತೊಟ್ಟು, ಚೇಲೆ ಎಂಬ ನಡುಪಟ್ಟಿ ಬಿಗಿದು ಪೀಚೆಕತ್ತಿ ಸಿಕ್ಕಿಸಿಕೊಳ್ಳುವವನಿಗೆ ಆ ಕುದುರೆ ಏಕೆ ಬೇಕೆನಿಸಿತು ಎಂಬುದನ್ನು ಇನ್ನು ವಿವರಿಸಬೇಕಿಲ್ಲ.

ಈಗ ಅಳತೆಯ ವಿಷಯ. 2016ರ ಶಸ್ತ್ರಾಸ್ತ್ರ ನಿಯಮಗಳ ಮೊದಲ ಅನುಸೂಚಿಯಲ್ಲಿ ಐದನೆಯ ವರ್ಗವೊಂದಿದೆ. ಕೋವಿಯಲ್ಲದ ಆಯುಧಗಳೆಲ್ಲ ಅದರಲ್ಲಿ ಬರುತ್ತವೆ: ಖಡ್ಗ, ಕಠಾರಿ, ಬಯೊನೆಟ್, ಭರ್ಜಿ, ಯುದ್ಧಗೊಡಲಿ, ಕಿರ್ಪಾಣ್ ಮತ್ತು ಕುಕ್ರಿ ಸೇರಿದಂತೆ ಚಾಕುಗಳು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಎಂಬ ಮಿತಿ ಅಲ್ಲಿಯೇ ಇದೆ. ಮನೆಬಳಕೆ, ಬೇಸಾಯ, ವಿಜ್ಞಾನ, ಕೈಗಾರಿಕೆಗಾಗಿ ರೂಪಿಸಿದವು ಇದರಿಂದ ಹೊರಗೆ. ಕಾಫಿ ತೋಟದ ಕತ್ತಿ ಎಷ್ಟು ಉದ್ದವಿದ್ದರೂ ಯಾರೂ ಪ್ರಶ್ನಿಸದಿರುವುದು ಈ ಮಾತಿನ ಬಲದಿಂದ. ನನ್ನ ಪೂಕ್ಕೊದ ಅಲಗು ನಾಲ್ಕು ಇಂಚಿನೊಳಗೆ, ಅಗಲ ಒಂದು ಇಂಚಿಗೂ ಕಡಿಮೆ. ಸೆಂಟಿಮೀಟರಿನಲ್ಲಿ ಮಿತಿ ಸುಮಾರು 22.8 ಮತ್ತು 5 ಆಗುತ್ತದೆ. ಯೂರೋಪಿನ ವ್ಯಾಪಾರಿಗಳು ಮಿಲಿಮೀಟರಿನಲ್ಲಿಯೇ ಬರೆಯುವುದರಿಂದ ಇದು ತಲೆಯಲ್ಲಿದ್ದರೆ ಒಳ್ಳೆಯದು.

ಆದರೆ ಅಳತೆಯೊಂದನ್ನೇ ಹಿಡಿದು ಕುಳಿತರೆ ಕೆಡುತ್ತದೆ. ನನ್ನ ಚಿಕ್ಕಪ್ಪನ ಮಗನಿಗೆ ಎರಡನೆಯ ಮಹಾಯುದ್ಧದ ವಸ್ತುಗಳ ಹುಚ್ಚು. ಬ್ರಿಟಿಷ್ ಕಮಾಂಡೊಗಳಿಗಾಗಿ 1941ರಲ್ಲಿ ತಯಾರಾಗತೊಡಗಿದ ಫೇರ್‌ಬೇರ್ನ್–ಸೈಕ್ಸ್ ಕಠಾರಿಯ ಮೇಲೆ ಅವನ ಕಣ್ಣು. "ಅಣ್ಣ, ಅಲಗು ಏಳು ಇಂಚೇ ಅಲ್ಲವೇ, ಒಂಬತ್ತರೊಳಗೇ ಇದೆ, ನಿನ್ನದರ ಜೊತೆಗೆ ಅದನ್ನೂ ತರಿಸಿಬಿಡು" ಎಂದ. ಇಂಚು ಸರಿ, ಹುಟ್ಟು ಸರಿಯಿಲ್ಲ ಎಂದೆ. ಎರಡೂ ಕಡೆ ಹರಿತ, ಸೂಜಿಯಂಥ ತುದಿ. ಮನುಷ್ಯನನ್ನು ಇರಿಯುವುದೊಂದು ಬಿಟ್ಟು ಅದಕ್ಕೆ ಬೇರೆ ಕೆಲಸವೇ ಇಲ್ಲ. ಕಾಯ್ದೆ ಆಯುಧವನ್ನು ಗುರುತಿಸುವುದೇ ದಾಳಿಗೋ ರಕ್ಷಣೆಗೋ ರೂಪಿಸಿದ ವಸ್ತು ಎಂದು. ಅಂಥದನ್ನು ತರಿಸಲು ಆಮದು ಪರವಾನಗಿ ಬೇಕು. ಸುಂಕದ ಪಟ್ಟಿಯೂ ಇದೇ ರೀತಿ ಬೇರ್ಪಡಿಸುತ್ತದೆ. ಖಡ್ಗ, ಬಯೊನೆಟ್‌ಗಳು ಆಯುಧಗಳ 93ನೇ ಅಧ್ಯಾಯದಲ್ಲಿ, 9307 ಎಂಬ ಶೀರ್ಷಿಕೆಯಲ್ಲಿವೆ. ಚಾಕುಗಳು 82ನೇ ಅಧ್ಯಾಯದಲ್ಲಿ, ಸುತ್ತಿಗೆ, ಗರಗಸಗಳ ನೆರೆಯಲ್ಲಿವೆ; ಮಡಚದ ಅಲಗಿನ ಚಾಕುಗಳಿಗೆಂದೇ 8211 92 ಎಂಬ ಸಂಖ್ಯೆ ಇದೆ. ನನ್ನದು ಈ ಎರಡನೆಯ ಮನೆಗೆ ಸೇರಿದ್ದು ಎಂಬುದರಲ್ಲಿ ಯಾರಿಗೂ ಅನುಮಾನ ಬರಬಾರದು ಎಂಬುದೇ ನನ್ನ ಇಡೀ ತಯಾರಿಯ ಗುರಿಯಾಗಿತ್ತು. ತಮ್ಮ ಇಂದಿಗೂ ನನ್ನ ಮೇಲೆ ಸ್ವಲ್ಪ ಮುನಿಸಿಕೊಂಡಿದ್ದಾನೆ.

ಹಳೆಯದನ್ನೇ ಕೊಳ್ಳಬೇಕೆಂಬುದು ಸಂಗ್ರಹಕಾರರ ಚಪಲ. ನನಗೂ ಇತ್ತು. ಆದರೆ ವಿದೇಶ ವ್ಯಾಪಾರ ನೀತಿಯಲ್ಲಿ, ಯಂತ್ರೋಪಕರಣಗಳಂಥ ಬಂಡವಾಳ ಸರಕನ್ನು ಬಿಟ್ಟರೆ, ಬಳಸಿದ ವಸ್ತುಗಳ ಆಮದು ನಿರ್ಬಂಧಿತ. ಅದಕ್ಕೆ ಪ್ರತ್ಯೇಕ ಅನುಮತಿ ಬೇಕು. ಒಂದು ಚಾಕುವಿಗಾಗಿ ದೆಹಲಿಗೆ ಅರ್ಜಿ ಹಾಕುವಷ್ಟು ಉತ್ಸಾಹ ನನಗಿಲ್ಲ. ಹಾಗಾಗಿ ಹಳೆಯ ಮಾದರಿಯಲ್ಲಿ ಹೊಸದಾಗಿ ಮಾಡಿದ್ದನ್ನೇ ಆರಿಸಿದೆ.

ಇದರ ನಡುವೆ ಇನ್ನೊಂದು ಆಮಿಷ ಬಂತು. ನಾನು ಚಾಕು ಹುಡುಕುತ್ತಿರುವುದು ಬೇರೊಂದು ರಾಜ್ಯದ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರಿಗೆ ಹೇಗೋ ತಿಳಿದು, ಒಂದು ಪೀಚೆಕತ್ತಿಯ ಚಿತ್ರಗಳನ್ನು ಕಳುಹಿಸಿದರು. ಬೆಳ್ಳಿಯ ಒರೆ, ಸರಪಳಿಯಲ್ಲಿ ತೂಗುವ ಪುಟ್ಟ ಚಿಮುಟ, ಕಿವಿಗುಗ್ಗೆ ತೆಗೆಯುವ ಕಡ್ಡಿ, ಕೆನೆಬಣ್ಣದ ಹಿಡಿ. ನಮ್ಮ ನೆಲದ ವಸ್ತು ಅನ್ಯರ ಅಂಗಡಿಯಲ್ಲಿ ಬಿದ್ದಿದೆಯಲ್ಲ ಎಂದು ಜೀವ ಚುಳ್ ಎಂದಿತು. ಅಂಚೆಯಲ್ಲಿ ಕಳುಹಿಸುತ್ತೇನೆ, ಖರೀದಿಯ ಬಿಲ್ಲು ಬೇಡ, ಬೆಲೆಯಲ್ಲಿ ಬಿಟ್ಟುಕೊಡುತ್ತೇನೆ ಎಂದರು. ಹಿಡಿಯ ತುದಿಯನ್ನು ಹತ್ತಿರದಿಂದ ತೆಗೆದ ಚಿತ್ರ ಕೇಳಿದೆ. ಮೂಳೆಯಾದರೆ ಅಡ್ಡಸೀಳಿನಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು, ಗೀರುಗಳು ಕಾಣುತ್ತವೆ. ರಕ್ತ ಹರಿದ ನಾಳಗಳ ಗುರುತು ಅವು. ದಂತವಾದರೆ ಚುಕ್ಕೆಗಳಿಲ್ಲ, ಒಂದನ್ನೊಂದು ಹಾಯುವ ಕಮಾನು ಗೆರೆಗಳ ಜಾಲ ಇರುತ್ತದೆ. ಚಿತ್ರದಲ್ಲಿ ಇದ್ದದ್ದು ಜಾಲ. ಭಾರತದ ಆನೆದಂತದ ವ್ಯಾಪಾರ 1986ರ ತಿದ್ದುಪಡಿಯಿಂದ, ಆಮದು ದಂತದ್ದು 1991ರಿಂದ ನಿಷಿದ್ಧ. ಹಿಡಿ ನೂರು ವರ್ಷ ಹಳೆಯದಾದರೂ ಮಾರಾಟ ಮಾರಾಟವೇ. ಅದರ ಮೇಲೆ, ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅದನ್ನು ಮಾರುವ ವ್ಯವಹಾರಕ್ಕೆ ಪರವಾನಗಿ ಇರಬೇಕು. ಪರವಾನಗಿಯ ಪ್ರತಿ ಕಳುಹಿಸಿ ಎಂದು ಬರೆದೆ. ಉತ್ತರ ಬರಲಿಲ್ಲ. ಬಿಲ್ಲು ಬೇಡ ಎಂದು ಮಾರುವವನೇ ಹೇಳಿದ ಮೇಲೆ ಮುಂದಿನ ಮಾತಿಗೆ ಅರ್ಥವಿಲ್ಲ.

ಹಿಡಿಯ ವಿಷಯ ಜಿಂಕೆ, ಕಡವೆ ಕೊಂಬಿಗೂ ಅನ್ವಯಿಸುತ್ತದೆ. ಅಮೆರಿಕದ ಚಾಕು ಸಂಗ್ರಹಕಾರರು ಕಡವೆ ಕೊಂಬಿನ ಹಿಡಿ ಎಂದರೆ ಪ್ರಾಣ ಬಿಡುತ್ತಾರೆ, ನಮ್ಮಲ್ಲಿ ಅದರ ವ್ಯಾಪಾರ ಅಪರಾಧ. ತಾನಾಗಿ ಉದುರಿದ ಕೊಂಬು ಎಂಬ ಸಮಜಾಯಿಷಿಯೂ ನಡೆಯುವುದಿಲ್ಲ. ನಾಗರಹೊಳೆಯ ಅಂಚಿನಲ್ಲಿ ತೋಟ ಇಟ್ಟುಕೊಂಡವರಿಗೆ ಇದನ್ನು ಹೇಳಬೇಕಿಲ್ಲ. ನಾನು ಫಿನ್ಲೆಂಡಿಗೆ ಬರೆದ ಮೊದಲ ಪ್ರಶ್ನೆಯೇ ಹಿಡಿ ಯಾವುದರದ್ದು ಎಂದು. ಕಪ್ಪು ಬಣ್ಣ ಬಳಿದ ಬರ್ಚ್ ಮರ, ಹಿತ್ತಾಳೆಯ ಕುದುರೆ, ದನದ ಚರ್ಮದ ಒರೆ ಎಂಬ ಉತ್ತರ ಬಂತು. ಅದನ್ನೇ ಬಿಲ್ಲಿನಲ್ಲೂ ಬರೆಯಿರಿ ಎಂದೆ.

ಬಿಲ್ಲಿಗೆ ನಾನು ಕೊಟ್ಟಷ್ಟು ಸಮಯವನ್ನು ಚಾಕುವಿನ ಆಯ್ಕೆಗೂ ಕೊಡಲಿಲ್ಲ. ವ್ಯಾಪಾರಿ ಮೊದಲು ಕಳುಹಿಸಿದ ಕರಡಿನಲ್ಲಿ ಬೇಟೆಯ ಚಾಕು ಎಂದಿತ್ತು. ಅವರ ದೇಶದಲ್ಲಿ ಅದು ಸಹಜ. ಬೇಟೆಯೇ ನಿಷೇಧವಾಗಿರುವ ದೇಶಕ್ಕೆ ಬರುವ ಕಾಗದದ ಮೇಲೆ ಆ ಪದ ಏಕೆ? ಮರಗೆಲಸದ ಸಾಂಪ್ರದಾಯಿಕ ಚಾಕು, ಹೊಸದು, ಒಂದೇ ಅಂಚು, ಅಲಗಿನ ಉದ್ದ ಇಷ್ಟು ಮಿಲಿಮೀಟರ್, ಹಿಡಿ ಮರದ್ದು, ಸುಂಕದ ಸಂಖ್ಯೆ 8211 92, ಕೊಟ್ಟ ಬೆಲೆ ಇಷ್ಟು ಯೂರೊ ಎಂದು ಬರೆಸಿದೆ. ಪ್ರತಿಯೊಂದೂ ನಿಜ. ಸುಂಕ ಕಡಿಮೆಯಾಗಲಿ ಎಂಬ ಸದುದ್ದೇಶದಿಂದ ಅವರು ಉಡುಗೊರೆ ಎಂದು ನಮೂದಿಸಲೇ ಎಂದೂ ಕೇಳಿದರು. ಬೇಡವೇ ಬೇಡ ಎಂದೆ. 2019ರ ಡಿಸೆಂಬರಿನಿಂದ ವಿದೇಶದಿಂದ ಸುಂಕವಿಲ್ಲದ ಉಡುಗೊರೆ ಎಂದು ಬರುವ ವಸ್ತುಗಳಿಗೇ ನಿಷೇಧವಿದೆ; ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ ರಿಯಾಯಿತಿ. ಸುಂಕ ಉಳಿಸಲು ಹಾಕಿದ ಆ ಒಂದು ಪದದಿಂದ ಪೊಟ್ಟಣವೇ ಜಪ್ತಿಯಾದೀತು.

ಹಣ ಕಾರ್ಡಿನಲ್ಲಿ ಕೊಟ್ಟೆ. ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮೊದಲಿಗೆ ಮುಚ್ಚಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದು, ಮಿತಿ ಹಾಕಿ, ಕೆಲಸ ಮುಗಿದ ಕೂಡಲೇ ಮುಚ್ಚಿದೆ. ಸ್ವಂತ ಬಳಕೆಗೆ ತರಿಸುವವರಿಗೆ ಆಮದುದಾರರ ಸಂಕೇತ ಸಂಖ್ಯೆಯ ಅಗತ್ಯವಿಲ್ಲ.

ಖಾಸಗಿ ಕೊರಿಯರ್ ಬೇಡ, ಅಂಚೆಯಲ್ಲೇ ಕಳುಹಿಸಿ ಎಂದು ಕೇಳಿಕೊಂಡೆ. ಕೊರಿಯರ್ ಬೇಗ ಬರುತ್ತದೆ, ನಿಜ. ಗುರುತಿನ ದಾಖಲೆ ಕೇಳುತ್ತಾರೆ, ಸುಂಕದ ಜೊತೆಗೆ ತಮ್ಮ ಸೇವಾ ಶುಲ್ಕವನ್ನೂ ಸೇರಿಸುತ್ತಾರೆ. ಅಂಚೆಯಲ್ಲಿ ನಿಧಾನ, ಆದರೆ ಸುಂಕವನ್ನು ಅಂಚೆಯಣ್ಣನೇ ಬಾಗಿಲಲ್ಲಿ ವಸೂಲು ಮಾಡಿ ರಸೀದಿ ಕೊಡುತ್ತಾನೆ. ಪೊಟ್ಟಣದ ಮೇಲೆ ಸುಂಕದ ಘೋಷಣಾ ಪತ್ರ ಅಂಟಿಸಿರಬೇಕು. ಬೆಲೆ ಕಡಿಮೆಯಿದ್ದರೆ ಸಿಎನ್ 22, ಹೆಚ್ಚಿದ್ದರೆ ಸಿಎನ್ 23. ಬಿಲ್ಲಿನ ಒಂದು ಪ್ರತಿ ಹೊರಗಿನ ಲಕೋಟೆಯಲ್ಲಿ, ಇನ್ನೊಂದು ಒಳಗೆ.

ಕಟ್ಟುವ ಬಗೆಯನ್ನೂ ನಾನೇ ಹೇಳಿದೆ. 1898ರ ಅಂಚೆ ಕಾಯ್ದೆಯಲ್ಲಿ ಸರಿಯಾಗಿ ರಕ್ಷಿಸದ ಹರಿತ ವಸ್ತುವನ್ನು ಅಂಚೆಯಲ್ಲಿ ಕಳುಹಿಸಬಾರದು ಎಂಬ ಮಾತಿತ್ತು. ಆ ಕಾಯ್ದೆ ಹೋಗಿ 2024ರ ಜೂನ್‌ನಿಂದ ಹೊಸದು ಬಂದಿದೆ. ಕಾಯ್ದೆ ಯಾವುದಾದರೂ ಇರಲಿ, ಚೀಲ ಎತ್ತುವವನ ಕೈ ಅದೇ ಕೈ. ತುದಿಗೆ ಬೆಂಡು, ಅಲಗಿಗೆ ದಪ್ಪ ರಟ್ಟಿನ ಕವಚ, ಅದರ ಮೇಲೆ ಒರೆ, ಒರೆಯಿಂದ ಜಾರದಂತೆ ಹಿಡಿಗೂ ಒರೆಗೂ ಸೇರಿಸಿ ದಾರ, ಆಮೇಲೆ ಗಟ್ಟಿ ಪೆಟ್ಟಿಗೆ. ನನ್ನ ಈ ಪತ್ರ ಓದಿದ ವ್ಯಾಪಾರಿ, ತಾವು ಇದನ್ನೇ ಕಸುಬಾಗಿ ಮಾಡುತ್ತಿರುವುದಾಗಿ ಬಹಳ ವಿನಯದಿಂದ ನೆನಪಿಸಿದರು.

ಪೊಟ್ಟಣ ಬಂದಾಗ ಜಡಿಮಳೆ. ಒಂದು ಬದಿ ಕತ್ತರಿಸಿ ಪರೀಕ್ಷಿಸಿ, ಸುಂಕದವರು ಮತ್ತೆ ಅಂಟಿಸಿದ ಪಟ್ಟಿ ಅದರ ಮೇಲಿತ್ತು. ಅಂಚೆಯಣ್ಣ ಕೊಡೆ ಮಡಚಿ ಜಗಲಿಯಲ್ಲಿ ನಿಂತು ಮೊತ್ತ ಓದಿದ. "ಚಾಕುವಿಗೆ ಇಷ್ಟು ಸುಂಕವೇ ಸರ್? ಗೋಣಿಕೊಪ್ಪದ ಸಂತೆಯಲ್ಲಿ ಇಷ್ಟಕ್ಕೆ ಅರ್ಧ ಡಜನ್ ಕತ್ತಿ ಬರುತ್ತಿತ್ತು" ಎಂದ. ತಳ್ಳಿಹಾಕುವ ಮಾತೇನೂ ಅಲ್ಲ. ಸುಂಕದ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ. ಅಂಚೆಯಲ್ಲಿ ಬರುವ ಸ್ವಂತ ಬಳಕೆಯ ವಸ್ತುಗಳಿಗೆ 9804 ಎಂಬ ಪ್ರತ್ಯೇಕ ಶೀರ್ಷಿಕೆ ಇದೆ. ಕೊಳ್ಳುವ ಮೊದಲು ಆ ವರ್ಷದ ದರ ನೋಡಿ, ಚಾಕುವಿನ ಬೆಲೆಗೆ ಅದನ್ನೂ ಸಾಗಣೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ತೆರೆಯುವುದನ್ನು ಮಗಳು ಮೊಬೈಲಿನಲ್ಲಿ ಚಿತ್ರೀಕರಿಸಿದಳು. ಏನಾದರೂ ಒಡೆದಿದ್ದರೆ, ಬದಲಾಗಿದ್ದರೆ ವ್ಯಾಪಾರಿಗೆ ತೋರಿಸಲು ಅದೊಂದೇ ಆಧಾರ. ಒರೆ ಹಿಡಿಯ ಬಹುಭಾಗವನ್ನು ನುಂಗಿಕೊಂಡಿತ್ತು, ಕುದುರೆ ತಲೆ ಮಾತ್ರ ಹೊರಗೆ. ನಮ್ಮ ಪೀಚೆಕತ್ತಿಯ ಒರೆ ಅಲಗಿನಷ್ಟಕ್ಕೇ ನಿಲ್ಲುತ್ತದೆ. ಇಲ್ಲಿ ಚರ್ಮದ ಬಿಗಿತವೇ ಚಾಕುವನ್ನು ಹಿಡಿದಿಡುತ್ತದೆ, ಗುಂಡಿ ಪಟ್ಟಿ ಏನೂ ಇಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಕುದುರೆಯ ಕೇಸರದ ಗೆರೆಗಳಲ್ಲಿ ಅಚ್ಚಿನ ಮೇಲೆ ಉಳಿ ಆಡಿದ ಗುರುತು ಇತ್ತು, ಒಂದು ಕಿವಿ ಇನ್ನೊಂದಕ್ಕಿಂತ ತುಸು ಮೊಂಡು. ಸಂಗ್ರಹಕಾರನಿಗೆ ಇದು ಕೊರತೆಯಲ್ಲ, ಕೈಕೆಲಸದ ರುಜು. ಅಲಗನ್ನು ಸ್ಕೇಲಿನ ಪಕ್ಕದಲ್ಲಿಟ್ಟು ಚಿತ್ರ ತೆಗೆದೆ. ಆ ಚಿತ್ರ, ಬಿಲ್ಲು, ಘೋಷಣಾ ಪತ್ರ, ಸುಂಕದ ರಸೀದಿ, ವ್ಯಾಪಾರಿಯ ಪತ್ರಗಳು ಎಲ್ಲವೂ ಒಂದು ಫೈಲಿನಲ್ಲಿವೆ. ಮುಂದೆ ಮಾರಿದರೆ, ಮಕ್ಕಳಿಗೆ ಕೊಟ್ಟರೆ, ಫೈಲೂ ಚಾಕುವಿನ ಜೊತೆಗೇ ಹೋಗಬೇಕು. ಕಾಗದವಿಲ್ಲದ ಚಾಕುವಿಗೆ ಬೆಲೆಯೂ ಅರ್ಧ, ನೆಮ್ಮದಿಯೂ ಅರ್ಧ.

ಕೈಲ್‌ಪೊಳ್ದ್ ದಿನ, ಅಂದರೆ ನಮ್ಮ ಆಯುಧಪೂಜೆಯ ಹಬ್ಬದಂದು, ಅದನ್ನು ಆಯುಧಗಳ ಸಾಲಿನಲ್ಲಿ ಇಡಬೇಕೇ ಎಂದು ಮನೆಯಲ್ಲಿ ಚರ್ಚೆಯಾಯಿತು. ಕೋವಿ, ಒಡಿಕತ್ತಿ, ಪೀಚೆಕತ್ತಿಗಳಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸುವ ದೊಡ್ಡಪ್ಪ, "ಇದು ಆಯುಧವಲ್ಲ ಎಂದು ಸರಕಾರಕ್ಕೆ ನೀನೇ ಬರೆದುಕೊಟ್ಟಿದ್ದೀಯಲ್ಲ, ಮತ್ತೆ ಪೂಜೆ ಯಾವುದಕ್ಕೆ?" ಎಂದರು. ಅವರ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದ ಗುದ್ದಲಿ, ಕತ್ತಿಗಳ ಸಾಲಿಗೆ ಸೇರಿಸಿದೆ.

ಇನ್ನು ನಮ್ಮ ಮಳೆ. ಇಂಗಾಲ ಹೆಚ್ಚಿರುವ ಉಕ್ಕಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಗಾಳಿಯೇ ಶತ್ರು. ಒರೆಯೊಳಗೆ ಇಡಬಾರದು, ಚರ್ಮ ತೇವ ಹೀರುತ್ತದೆ, ಚರ್ಮ ಹದ ಮಾಡುವಾಗ ಬಳಸಿದ ಆಮ್ಲ ಉಕ್ಕನ್ನು ತಿನ್ನುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತದೆ. ನಾನು ಚಾಕುವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಒರೆಯನ್ನು ಬೇರೆಯಾಗಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಅಲಗಿಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿದೆ. ಅದು ಕಾಲಕ್ರಮೇಣ ಕಮಟಿ ಅಂಟಾಗುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಕೆಡುವುದಿಲ್ಲ. ಬೆರಳಚ್ಚು ಉಳಿಯದಂತೆ ಒರೆಸಿ, ಅದನ್ನೇ ತೆಳ್ಳಗೆ ಸವರಿದರೆ ಸಾಕು. ಸುಗ್ಗಿಹಬ್ಬ ಪುತ್ತರಿಯ ಹೊತ್ತಿಗೆ ಗಾಳಿ ಒಣಗಿದಾಗ ಒರೆಯನ್ನು ನೆರಳಲ್ಲಿ ಒಂದೆರಡು ದಿನ ಆರಲು ಬಿಡುತ್ತೇನೆ, ಬಿಸಿಲಿಗೆ ಇಟ್ಟರೆ ಹೊಲಿಗೆ ಸೆಟೆದು ಬಿಟ್ಟುಕೊಳ್ಳುತ್ತದೆ.