ವೀಲ್‌ಚೇರಿನ ಸೀಟಿನ ಮೇಲೊಂದು ಸಂಶೋಧನೆ: ನನ್ನ ಅನುಭವ

ಪುನರ್ವಸತಿ ಇಂಜಿನಿಯರಿಂಗ್, ಅಂದರೆ ಅಂಗವೈಕಲ್ಯ ಇರುವವರಿಗೆ ಸಾಧನ ರೂಪಿಸುವ ಕೆಲಸ, ಅಂದ ಕೂಡಲೇ ಜನಕ್ಕೆ ರೋಬೋಟ್ ಕೈ ಕಣ್ಣಿಗೆ ಬರುತ್ತದೆ. ಇಲ್ಲವೇ ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ತಾನೇ ಓಡುವ ಕುರ್ಚಿ. ನನ್ನ ಕೆಲಸದ ವರ್ಷಗಳು ಹೆಚ್ಚಾಗಿ ಕಳೆದದ್ದು ವೀಲ್‌ಚೇರಿನ ಸೀಟು ಮತ್ತು ಕುಶನ್ ಜೊತೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಪಿಎಚ್‌ಡಿಗೆ ಈ ಕಡೆ ಬಂದವಳು ನಾನು. ಈಗ ಪಾಠ ಮಾಡುತ್ತೇನೆ, ಲ್ಯಾಬ್ ನಡೆಸುತ್ತೇನೆ. ಈ ದಾರಿ ಹಿಡಿಯಬೇಕು ಅಂತ ಯೋಚಿಸುತ್ತಿರುವವರು ಆಗಾಗ ಸಿಗುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪಿಎಚ್‌ಡಿ ಶುರುವಾದಾಗ ನಾನು ನನ್ನ ಗೈಡ್ ಹತ್ತಿರ ಒಂದೇ ಒಂದು ವಿಷಯಕ್ಕೆ ಹಠ ಮಾಡಿದ್ದೆ. ವಾರಕ್ಕೊಂದು ದಿನ ಆಸ್ಪತ್ರೆಯ ಸೀಟಿಂಗ್ ಕ್ಲಿನಿಕ್‌ನಲ್ಲಿ, ಅಂದರೆ ಒಬ್ಬೊಬ್ಬರ ಮೈಗೆ ವೀಲ್‌ಚೇರ್ ಹೊಂದಿಸಿಕೊಡುವ ಜಾಗದಲ್ಲಿ, ಕೂರಬೇಕು ಅಂತ. ಅಳತೆ ತೆಗೆಯುವುದಕ್ಕಲ್ಲ, ಸುಮ್ನೆ ನೋಡುವುದಕ್ಕೆ. ಇಷ್ಟು ವರ್ಷಗಳಲ್ಲಿ ನನಗೆ ಅದಕ್ಕಿಂತ ಜಾಸ್ತಿ ಕಲಿಸಿದ್ದು ಬೇರೆ ಯಾವುದೂ ಇಲ್ಲ.

ಅಲ್ಲಿನ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಕುರ್ಚಿಯನ್ನು ಮುಟ್ಟುವ ಮೊದಲು ಸೊಂಟವನ್ನು ಮುಟ್ಟಿ ನೋಡುತ್ತಿದ್ದರು. ಸೊಂಟದ ಮೂಳೆ ಹಿಂದಕ್ಕೆ ವಾಲಿದೆಯಾ, ಒಂದು ಕಡೆಗೆ ಎತ್ತರವಾಗಿದೆಯಾ, ಕೈಯಿಂದ ಸರಿಮಾಡಿದರೆ ಸರಿಹೋಗುತ್ತದಾ ಅಥವಾ ಹಾಗೇ ಬಿಗಿದುಕೊಂಡಿದೆಯಾ. ಆಮೇಲೆ ತೊಡೆಯ ಉದ್ದ, ಮೊಣಕಾಲಿಂದ ಹಿಮ್ಮಡಿವರೆಗಿನ ಉದ್ದ. ಜೋಲುವ ಬಟ್ಟೆಯ ಸೀಟಿನಲ್ಲಿ ಸೊಂಟ ಹಿಂದಕ್ಕೆ ವಾಲುತ್ತದೆ, ಬೆನ್ನು ಬಾಗುತ್ತದೆ, ಕತ್ತು ಮುಂದೆ ಬರುತ್ತದೆ. ಫುಟ್‌ರೆಸ್ಟ್ ಜಾಸ್ತಿ ಎತ್ತರವಾದರೆ ತೊಡೆ ಸೀಟಿನಿಂದ ಮೇಲೇಳುತ್ತದೆ. ಆಗ ತೊಡೆ ಹೊರಬೇಕಾದ ಭಾರವೆಲ್ಲ ಕೂರುವ ಎರಡು ಮೂಳೆಗಳ ಮೇಲೆ ಬೀಳುತ್ತದೆ. ಬೆನ್ನುಹುರಿಗೆ ಪೆಟ್ಟಾದ ಎಷ್ಟೋ ಜನಕ್ಕೆ ಅಲ್ಲಿ ನೋವೇ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಬೆಡ್‌ಸೋರ್, ಅಂದರೆ ಒತ್ತಡದಿಂದಾಗುವ ಹುಣ್ಣು, ಆಗಿರುತ್ತದೆ. ಗುಣವಾಗಲು ತಿಂಗಳುಗಟ್ಟಲೆ ಮಲಗಿರಬೇಕಾಗಬಹುದು, ಕೆಲಸ ಹೋಗಬಹುದು, ಸೋಂಕು ಒಳಗಿಳಿದರೆ ಜೀವಕ್ಕೇ ಕುತ್ತು. ಇಷ್ಟೆಲ್ಲ ತಪ್ಪಿಸುವುದಕ್ಕೆ ಎಷ್ಟೋ ಸಲ ಬೇಕಾಗಿದ್ದದ್ದು ಒಂದು ಸ್ಪ್ಯಾನರ್ ಮತ್ತು ಒಂದಿಷ್ಟು ಹೊತ್ತು.

ನಮ್ಮ ಲ್ಯಾಬಿನಲ್ಲಿ ಒತ್ತಡ ಅಳೆಯುವ ಮ್ಯಾಟ್ ಇತ್ತು. ಕುಶನ್ ಮೇಲೆ ಹಾಸಿ ಕೂರಿಸಿದರೆ ಪರದೆಯಲ್ಲಿ ಕೆಂಪು, ಹಳದಿ, ನೀಲಿ ಬಣ್ಣದ ನಕ್ಷೆ ಮೂಡುತ್ತದೆ. ಕೆಂಪು ಕಡಿಮೆಯಾದರೆ ಕುಶನ್ ಒಳ್ಳೆಯದು ಅನ್ನಿಸುವುದು ಸಹಜ. ಕ್ಲಿನಿಕ್‌ನಲ್ಲಿ ಒಬ್ಬರು ತಮ್ಮ ಹೊಸ ಕುಶನ್ ಬಗ್ಗೆ ಹೇಳಿದರು: "ಕೂತ್ಕೊಳ್ಳೋಕೆ ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಇದನ್ನ ಹಾಕಿದ್ರೆ ನನ್ನ ಮೊಣಕಾಲು ಆಫೀಸಿನ ಟೇಬಲ್ ಕೆಳಗೆ ಹೋಗಲ್ಲ." ಕುಶನ್ ದಪ್ಪವಾಗಿತ್ತು. ಟೇಬಲ್ ಮಾತ್ರ ಅಲ್ಲ, ಕೂರುವ ಎತ್ತರ ಏರಿದ್ದರಿಂದ ಚಕ್ರ ಕೈಗೆ ದೂರವಾಗಿತ್ತು. ಹಾಸಿಗೆಯಿಂದ ಕುರ್ಚಿಗೆ ಜರುಗುವುದೂ ಕಷ್ಟವಾಗಿತ್ತು. ನಕ್ಷೆಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ನನ್ನ ಪ್ರಬಂಧದ ಪ್ರಶ್ನೆ ಹುಟ್ಟಿದ್ದು ಆ ಮಾತಿನಿಂದ. ಒತ್ತಡ ಎಷ್ಟು ಇಳಿಯಿತು ಅನ್ನುವುದರ ಜೊತೆಗೆ, ಆ ಕುಶನ್ ಬಂದ ಮೇಲೆ ಆ ಮನುಷ್ಯರ ದಿನಚರಿಯಲ್ಲಿ ಏನು ಸುಲಭವಾಯಿತು, ಏನು ಕಷ್ಟವಾಯಿತು ಅಂತ ಕೇಳತೊಡಗಿದೆ.

ಸಾಧನಗಳನ್ನು ಜನ ಯಾಕೆ ಮೂಲೆಗೆ ಎಸೆಯುತ್ತಾರೆ ಅನ್ನುವುದು ಈ ಕ್ಷೇತ್ರದ ಹಳೆಯ ಪ್ರಶ್ನೆ. 1993ರಲ್ಲಿ ಫಿಲಿಪ್ಸ್ ಮತ್ತು ಜಾವೋ ಎಂಬ ಇಬ್ಬರು ಅಮೆರಿಕದಲ್ಲಿ ಅಂಗವೈಕಲ್ಯವಿರುವ 227 ವಯಸ್ಕರನ್ನು ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ಆ ವಯಸ್ಕರು ತಾವು ಪಡೆದ ಸಾಧನಗಳಲ್ಲಿ ಶೇ. 29.3ರಷ್ಟನ್ನು ಬಳಸುವುದನ್ನೇ ಬಿಟ್ಟಿದ್ದರು. ಮುಖ್ಯ ಕಾರಣಗಳಲ್ಲಿ ಒಂದು, ಆರಿಸುವಾಗ ಬಳಸುವವರ ಅಭಿಪ್ರಾಯ ಕೇಳದೇ ಇದ್ದದ್ದು. ಇನ್ನೊಂದು, ಸಾಧನ ಸರಿಯಾಗಿ ಕೆಲಸ ಮಾಡದೇ ಇದ್ದದ್ದು. ಕಾಲ ಕಳೆದಂತೆ ಜನರ ಅಗತ್ಯ ಬದಲಾದದ್ದೂ ಒಂದು ಕಾರಣ. ನನಗೆ ತುಂಬಾ ಯೋಚನೆಗೆ ಹಚ್ಚಿದ್ದು ಉಳಿದ ಕಾರಣ: ಸಾಧನ ತೀರಾ ಸುಲಭವಾಗಿ ಕೈಗೆ ಬಂದದ್ದು. ಅಂದರೆ ಯಾರೂ ಕೂತು ನೋಡದೆ, ಅಳೆಯದೆ, ಎತ್ತಿ ಕೊಟ್ಟದ್ದು. ನನ್ನ ಲ್ಯಾಬಿಗೆ ಹೊಸದಾಗಿ ಸೇರುವ ಪ್ರತಿಯೊಬ್ಬರೂ ಮೊದಲು ಓದುವುದು ಈ ಪ್ರಬಂಧವನ್ನೇ. ವಿನ್ಯಾಸದ ಪಾಠ ಆಮೇಲೆ.

ಪಿಎಚ್‌ಡಿ ಮುಗಿದ ಮೇಲೆ ನಾನು ಕುಶನ್‌ನಿಂದ ಚಕ್ರದ ಕಡೆಗೆ ಸರಿದೆ. ಕೈಯಿಂದ ಕುರ್ಚಿ ತಳ್ಳುವವರಲ್ಲಿ ಭುಜದ ನೋವು ತುಂಬಾ ಸಾಮಾನ್ಯ. ಹಿಂದಿನ ಆಕ್ಸಲ್, ಅಂದರೆ ದೊಡ್ಡ ಚಕ್ರದ ಅಚ್ಚು, ಎಲ್ಲಿದೆ ಅನ್ನುವುದರಿಂದ ದೊಡ್ಡ ವ್ಯತ್ಯಾಸವಾಗುತ್ತದೆ. ಅದನ್ನು ಮುಂದಕ್ಕೆ ತಂದರೆ ತಳ್ಳುವುದು ಹಗುರ, ಆದರೆ ಕುರ್ಚಿ ಹಿಂದಕ್ಕೆ ಉರುಳುವ ಅಪಾಯ ಜಾಸ್ತಿ. ಬೀಳದಷ್ಟು ಭದ್ರ ಇರುವವರೆಗೆ ಆದಷ್ಟು ಮುಂದಕ್ಕೆ ಇಡಿ ಅನ್ನುವುದು ಈಗ ಒಪ್ಪಿಕೊಂಡಿರುವ ಸಲಹೆ. ಎತ್ತರಕ್ಕೂ ಒಂದು ಲೆಕ್ಕ ಇದೆ. ಕೈಯನ್ನು ಚಕ್ರದ ನೆತ್ತಿಯ ಮೇಲಿಟ್ಟಾಗ ಮೊಣಕೈ ಕೋನ 100ರಿಂದ 120 ಡಿಗ್ರಿ ಇರಬೇಕು. ಆ ಮಿತಿಯೊಳಗೆ ಯಾರಿಗೆ ಎಷ್ಟು ಅನ್ನುವುದನ್ನು ಮಾತ್ರ ಪುಸ್ತಕ ಹೇಳುವುದಿಲ್ಲ. ಹೊಸದಾಗಿ ಕುರ್ಚಿಗೆ ಬಂದವರಿಗೆ ಹಿಂದಕ್ಕೆ ಬೀಳುವ ಭಯ. ಹಳಬರಿಗೆ ಮುಂದಿನ ಚಕ್ರ ಎತ್ತಿ ಮೆಟ್ಟಿಲ ಅಂಚು ದಾಟಬೇಕು. ಅದಕ್ಕೇ ಮೊದಲ ತಿಂಗಳು ಒಂದು ಜಾಗ, ಕೌಶಲ ಬಂದ ಮೇಲೆ ಇನ್ನೊಂದು ಜಾಗ ಅಂತ ಆಕ್ಸಲ್ ಬದಲಾಯಿಸುತ್ತಾ ಹೋಗುವ ಪದ್ಧತಿ ನಾವು ಮಾಡಿಕೊಂಡೆವು. ಅದನ್ನೂ ಸಂಶೋಧನೆಯಾಗಿ ದಾಖಲಿಸಿದೆವು.

ಈಗ ಬಡ್ತಿ, ಪ್ರಕಟಣೆ ವಿಷಯ. ಹೊಸಬರ ನಿದ್ದೆಗೆಡಿಸುವುದು ಇದೇ ಅಲ್ವಾ?

ನಮ್ಮಲ್ಲಿ ಭಾಗವಹಿಸುವವರ ಸಂಖ್ಯೆ ಯಾವತ್ತೂ ಚಿಕ್ಕದು. ಒಂದೇ ರೀತಿಯ ತೊಂದರೆ ಇರುವವರು ಒಂದೇ ಊರಲ್ಲಿ ನೂರಾರು ಜನ ಸಿಗುವುದಿಲ್ಲ. ಸಿಕ್ಕರೂ ಒಬ್ಬರಂತೆ ಇನ್ನೊಬ್ಬರಿಲ್ಲ. "ಸ್ಯಾಂಪಲ್ ಕಡಿಮೆಯಾಯಿತು" ಅಂತ ವಿಮರ್ಶಕರು ಬರೆಯುವುದು ಖಂಡಿತ. ಅದಕ್ಕೆ ನಾನು ಹಿಡಿದ ದಾರಿ ಏಕವ್ಯಕ್ತಿ ಅಧ್ಯಯನ ವಿನ್ಯಾಸ. ಒಬ್ಬರನ್ನೇ ಸಾಧನ ಇಲ್ಲದಾಗ ಹಲವು ಸಲ, ಇರುವಾಗ ಹಲವು ಸಲ ಅಳೆಯುವುದು. ಬೇರೆಬೇರೆ ಜನರಿಗೆ ಬೇರೆಬೇರೆ ದಿನ ಸಾಧನ ಶುರುಮಾಡಿ, ಬದಲಾವಣೆ ಅದರ ಬೆನ್ನಿಗೇ ಬರುತ್ತದಾ ಅಂತ ನೋಡುವುದು. ಅಚ್ಚುಕಟ್ಟಾಗಿ ಮಾಡಿದರೆ ಇದು ಗಟ್ಟಿ ಸಾಕ್ಷ್ಯ. ಇಂಜಿನಿಯರಿಂಗ್ ವಿಭಾಗಗಳಲ್ಲಿ ಇದನ್ನು ಕಲಿಸುವುದು ಅಪರೂಪ. ನಾನು ಥೆರಪಿ ವಿಭಾಗದ ತರಗತಿಗೆ ಹೋಗಿ ಕಲಿತೆ. ನೀವೂ ಹೋಗಿ.

ಅಳತೆಯ ಸಾಧನಗಳನ್ನೂ ಬೇಗ ಕಲಿಯಿರಿ. ಸಾಧನ ಬಳಸುವವರಿಗೆ ಎಷ್ಟು ತೃಪ್ತಿ ಇದೆ ಅಂತ ಕೇಳುವ ಕ್ವೆಸ್ಟ್ 2.0 ಅನ್ನುವ ಪ್ರಶ್ನಾವಳಿಯಲ್ಲಿ 12 ಅಂಶಗಳಿವೆ. 8 ಸಾಧನದ ಬಗ್ಗೆ, 4 ಸೇವೆಯ ಬಗ್ಗೆ. ಕೊನೆಗೆ ತಮಗೆ ಮುಖ್ಯವಾದ ಮೂರನ್ನು ಬಳಸುವವರೇ ಆರಿಸುತ್ತಾರೆ. ನಾನು ಮೊದಲು ತಿರುಗಿಸುವುದು ಆ ಕೊನೆಯ ಪುಟವನ್ನು. ನಾವು ಸಾಧನದ ತೂಕ ಇಳಿಸುವುದರಲ್ಲಿ ಮುಳುಗಿರುವಾಗ ಅವರು "ರಿಪೇರಿ" ಅಂತ ಗುರುತು ಹಾಕಿರುತ್ತಾರೆ.

ಬಡ್ತಿಯ ಸಮಿತಿಗಳು ಪ್ರಬಂಧ ಎಣಿಸುತ್ತವೆ. ಅದರ ಜೊತೆ ಜಗಳವಾಡುತ್ತಾ ಕೂರುವ ಬದಲು, ನಾನು ಉಳಿದ ಕೆಲಸವನ್ನೂ ಕಣ್ಣಿಗೆ ಕಾಣುವ ಹಾಗೆ ದಾಖಲೆ ಮಾಡಿಟ್ಟೆ. ಮುಕ್ತವಾಗಿ ಹಂಚಿದ ಡ್ರಾಯಿಂಗ್‌ಗಳು, ಕ್ಲಿನಿಕ್‌ಗೆ ಬರೆದ ಕೈಪಿಡಿ, ಥೆರಪಿಸ್ಟ್‌ಗಳಿಗೆ ಕೊಟ್ಟ ತರಬೇತಿ, ಕುರ್ಚಿ ಪರೀಕ್ಷೆಯ ವರದಿಗಳು. ಯಾವ ಕ್ಲಿನಿಕ್ ಅದನ್ನು ಬಳಸುತ್ತಿದೆ ಅನ್ನುವ ಪತ್ರವನ್ನೂ ಆಗಿಂದಾಗಲೇ ಕೇಳಿ ಪಡೆದೆ. ವರ್ಷಗಳ ನಂತರ ಕೇಳಿದರೆ ಬರೆದುಕೊಡುವವರು ಬೇರೆ ಕಡೆ ಹೋಗಿರುತ್ತಾರೆ.

ಪಾಠದ ಮಾತಿಗೆ ಬಂದರೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುವುದು, ಒಂದು ಗಂಟೆ ವೀಲ್‌ಚೇರಲ್ಲಿ ಕೂರುವುದು, ಇಂಥ ಚಟುವಟಿಕೆ ನನ್ನ ತರಗತಿಯಲ್ಲಿ ಇಲ್ಲ. ಅದರಿಂದ ಅಯ್ಯೋ ಪಾಪ ಅನ್ನುವ ಭಾವ ಬರುತ್ತದೆ, ತಿಳಿವಳಿಕೆ ಬರುವುದಿಲ್ಲ. ಹತ್ತಾರು ವರ್ಷ ಕುರ್ಚಿ ಬಳಸಿದವರ ಕೈಚಳಕ ಒಂದು ಗಂಟೆಯಲ್ಲಿ ಯಾರಿಗೂ ದಕ್ಕುವುದಿಲ್ಲ. ಅದರ ಬದಲು ಅವರನ್ನೇ ಪಾಠಕ್ಕೆ ಕರೆಯುತ್ತೇನೆ. ಬೇರೆ ಅತಿಥಿ ಉಪನ್ಯಾಸಕರಿಗೆ ಕೊಡುವ ಸಂಭಾವನೆಯೇ ಅವರಿಗೂ. ಇದರಲ್ಲಿ ರಾಜಿ ಇಲ್ಲ.

ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಒಂದು ನಿಯಮ ಇಟ್ಟಿದ್ದೇನೆ. ಸೆಮಿಸ್ಟರ್ ಮುಗಿದ ಮೇಲೆ ಯಾರು ರಿಪೇರಿ ಮಾಡುತ್ತಾರೆ ಅಂತ ಬರೆದು ಸಹಿ ಹಾಕದೆ ಯಾರ ಮನೆಗೂ ಸಾಧನ ಹೋಗುವಂತಿಲ್ಲ. ನೆಚ್ಚಿಕೊಂಡ ಸಾಧನ ಕೆಟ್ಟು, ಮಾಡಿಕೊಟ್ಟವರು ಸಿಗದೇ ಹೋದರೆ ಆಗುವ ತೊಂದರೆ ದೊಡ್ಡದು. ಬಾಳಿಕೆಯ ಅಂದಾಜು ಬರಲಿ ಅಂತ ವೀಲ್‌ಚೇರ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 7176ರ 8ನೇ ಭಾಗವನ್ನು ಓದಿಸುತ್ತೇನೆ. ಆ ಪರೀಕ್ಷೆಯಲ್ಲಿ ಕುರ್ಚಿಯನ್ನು ಉಬ್ಬುಪಟ್ಟಿ ಇರುವ ಎರಡು ಡ್ರಮ್‌ಗಳ ಮೇಲೆ 2,00,000 ಸುತ್ತು ಓಡಿಸುತ್ತಾರೆ. ಆಮೇಲೆ 5 ಸೆಂಟಿಮೀಟರ್ ಎತ್ತರದಿಂದ 6,666 ಸಲ ಬೀಳಿಸುತ್ತಾರೆ. ವೆಲ್ಡಿಂಗ್ ಜಾಗದಲ್ಲಿ ಬಿರುಕು ಬಿಟ್ಟದ್ದನ್ನು ಒಮ್ಮೆ ಕಣ್ಣಾರೆ ನೋಡಿದ ವಿದ್ಯಾರ್ಥಿ ಆಮೇಲೆ ಬೇರೆ ಥರ ಡ್ರಾಯಿಂಗ್ ಬರೆಯುತ್ತಾನೆ.

ರೋಬೋಟ್‌ಗಳ ಮೇಲೆ ನನಗೆ ಕೋಪ ಇಲ್ಲ. ಆದರೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೊರತಂದ ವರದಿ ನೋಡಿ. ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನಕ್ಕೆ ಒಂದಾದರೂ ಸಹಾಯಕ ಸಾಧನ ಬೇಕು. 2050ಕ್ಕೆ ಅದು 350 ಕೋಟಿ ದಾಟುವ ಅಂದಾಜು. ಕನ್ನಡಕ, ಶ್ರವಣ ಸಾಧನ, ವೀಲ್‌ಚೇರ್ ಎಲ್ಲ ಇದರಲ್ಲಿ ಸೇರಿವೆ. ಕೆಲವು ದೇಶಗಳಲ್ಲಿ ಬೇಕಾದವರಲ್ಲಿ ಶೇ. 3ರಷ್ಟು ಜನಕ್ಕೆ ಮಾತ್ರ ಸಿಗುತ್ತಿದೆ. ಸಂಶೋಧನೆಯ ವಿಷಯ ಆರಿಸುವಾಗ ನಾನು ಈ ಅಂಕಿಗಳನ್ನು ಎದುರಿಗಿಟ್ಟುಕೊಳ್ಳುತ್ತೇನೆ.

ಪಿಎಚ್‌ಡಿಗೆ ಲ್ಯಾಬ್ ಹುಡುಕುತ್ತಿದ್ದರೆ, ಸೇರುವ ಮೊದಲು ಅಲ್ಲಿನವರನ್ನು ಕೆಲವು ವಿಷಯ ಕೇಳಿ. ನಿಮ್ಮ ಲ್ಯಾಬಿಗೂ ಕ್ಲಿನಿಕ್‌ಗೂ ನಡುವೆ ವಾರವಾರದ ಓಡಾಟ ಇದೆಯಾ? ಮಾತಾಡಲು ಕಷ್ಟವಿರುವವರಿಂದ ಒಪ್ಪಿಗೆ ಹೇಗೆ ಪಡೆಯುತ್ತೀರಿ? ಚಿತ್ರ ಇರುವ ಹಾಳೆ ಇದೆಯಾ, ಅಥವಾ ಮನೆಯವರ ಸಹಿ ಸಾಕು ಅಂದುಕೊಂಡಿದ್ದೀರಾ? ಭಾಗವಹಿಸುವವರ ಓಡಾಟದ ಖರ್ಚು, ಜೊತೆಗೆ ಬರುವವರ ಖರ್ಚು ಅನುದಾನದಲ್ಲಿ ಸೇರಿದೆಯಾ? ಪ್ರಕಟವಾದ ಪ್ರಬಂಧದ ಸಾಧನ ಈಗ ಎಲ್ಲಿದೆ, ಯಾರು ಬಳಸುತ್ತಿದ್ದಾರೆ? ಕೊನೆಯ ಪ್ರಶ್ನೆಗೆ ಅವರು ಯಾರದೋ ದಿನಚರಿಯನ್ನು ವಿವರವಾಗಿ ಹೇಳತೊಡಗಿದರೆ, ಧೈರ್ಯವಾಗಿ ಅರ್ಜಿ ಹಾಕಿ.