ಹೊತ್ತನ್ನೂ ಖತಾವಣಿಗೆ ಹಾಕಿದ ಮೇಲೆ: ನನ್ನ ಅನುಭವ

ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳ ಮತ್ತು ಭತ್ತದ ದಲಾಲಿ ಅಂಗಡಿ ನಡೆಸುವ ನಾನು, ನನ್ನ ಹೊತ್ತು ಯಾರಿಗೆ ಸಲ್ಲಬೇಕೆಂಬುದನ್ನು ನಾನೇ ತೀರ್ಮಾನಿಸಲು, ಕಳೆದ ಹೊತ್ತನ್ನು ಖತಾವಣಿಯಂತೆ (ಹೆಸರುವಾರು ಲೆಕ್ಕದ ಪುಸ್ತಕದಂತೆ) ಬರೆದಿಡುವ ಒಂದು ಕ್ರಮವನ್ನು ಮೂರ್ನಾಲ್ಕು ವರ್ಷಗಳಿಂದ ಪಾಲಿಸುತ್ತಿದ್ದೇನೆ. ಇದು ಮಂಡಿಯವರಿಗೆ ಒಗ್ಗುವುದಲ್ಲ, ಸುಗ್ಗಿ ಬಂದರೆ ಹದಿನೈದು ದಿನದಲ್ಲಿ ಬಿಟ್ಟುಬಿಡುತ್ತೀರಿ ಎಂದು ನಮ್ಮ ಸಾಲಿನ ಅಂಗಡಿಯವರೆಲ್ಲ ಹೇಳಿದ್ದರು. ಸುಗ್ಗಿಗಳು ಬಂದು ಹೋದವು, ಕ್ರಮ ಉಳಿದಿದೆ, ಆದ್ದರಿಂದಲೇ ಬರೆಯುತ್ತಿದ್ದೇನೆ.

ಮೊದಲು ಹಿಡಿದದ್ದು ಎಲ್ಲರೂ ಹೇಳುವ ದಾರಿಯನ್ನೇ: ಬೆಳಿಗ್ಗೆ ಎದ್ದು ದಿನದ ಯೋಜನೆ ಬರೆಯುವುದು. ದುಬಾರಿ ದಿನಚರಿ ಪುಸ್ತಕ, ಚಂದಾ ಕಟ್ಟುವ ಮೊಬೈಲ್ ಆ್ಯಪ್, ಕೊನೆಗೆ ಏಳೆಂಟು ಸಾವಿರ ಕೊಟ್ಟು ಹೋದ ಒಂದು ಶಿಬಿರ, ಎಲ್ಲ ಸೇರಿ ಹತ್ತು ಸಾವಿರ ದಾಟಿತು. ಒಂದೂ ದಸರಾ ಕಳೆದು ಬಾಳಲಿಲ್ಲ. ಅಕ್ಟೋಬರ್‌ನಿಂದ ಆವಕ ಏರಿದಾಗ ಯಾವ ಲಾರಿ ಎಷ್ಟು ಹೊತ್ತಿಗೆ ಬರುತ್ತದೆ, ಕಾಳಿನ ತೇವಾಂಶ ಶೇ. 14ರೊಳಗೆ ಇಳಿದಿದೆಯೋ ಇನ್ನೆರಡು ದಿನ ಹರವಬೇಕೋ, ಬಂದ ದರಕ್ಕೆ ರೈತರು ಒಪ್ಪುತ್ತಾರೋ ಇಲ್ಲವೋ ಎಂಬುದು ಬೆಳಿಗ್ಗೆ ಆರಕ್ಕೆ ಯಾರಿಗೂ ತಿಳಿದಿರುವುದಿಲ್ಲ. ನಾಳೆಯನ್ನು ಮೊದಲೇ ಹಂಚಿಡುವ ಪದ್ಧತಿ ತಿಂಗಳ ಸಂಬಳದವರಿಗೆ ಸರಿಹೋದೀತು, ನಮಗಲ್ಲ.

ಹಾಗಾಗಿ ಒಂದು ದೀಪಾವಳಿಯಲ್ಲಿ ಹೊಸ ಕಿರ್ದಿಯನ್ನು, ಅಂದರೆ ದಿನದ ಜಮಾ-ಖರ್ಚಿನ ಪುಸ್ತಕವನ್ನು, ಪೂಜೆಗಿಡುವಾಗ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಇಟ್ಟೆ. ರಾತ್ರಿ ರೋಕಡ (ನಗದು) ತಾಳೆ ನೋಡಿದ ಬೆನ್ನಲ್ಲೇ, ಗಾದಿಯಿಂದ ಏಳುವ ಮೊದಲು, ಕಳೆದ ದಿನದ ಹೊತ್ತನ್ನು ಹೆಸರು ಹೆಸರಿಗೆ ಖರ್ಚು ಬರೆಯತೊಡಗಿದೆ: ಅವ್ವ, ಹೆಂಡತಿ, ಮಗಳು, ವ್ಯಾಪಾರ, ವಸೂಲಿ, ಮೊಬೈಲು, ನನ್ನದು. ಅರ್ಧ ಗಂಟೆಗಿಂತ ಸಣ್ಣ ಲೆಕ್ಕ ಬೇಡ. ‘ಮನೆ’ ಎಂಬ ಒಂದೇ ಖಾತೆಯನ್ನಂತೂ ತೆರೆಯಲೇಬಾರದು, ಏಕೆಂದರೆ ಅದರೊಳಗೆ ಟಿ.ವಿ. ಮುಂದೆ ಕುಳಿತದ್ದೂ ಸೇರಿ ಮನೆಯವರಿಗೆ ಬಹಳ ಕೊಟ್ಟಂತೆ ಕಾಣುತ್ತದೆ. ಅಮಾವಾಸ್ಯೆಯ ಅಂಗಡಿ ಪೂಜೆ ಮುಗಿದ ಮೇಲೆ ಖಾತೆಗಳನ್ನು ಕೂಡುತ್ತೇನೆ.

ಮೊದಲ ಅಮಾವಾಸ್ಯೆಯ ಲೆಕ್ಕದಲ್ಲಿ, ಒಂದೇ ಸೂರಿನಡಿ ಇರುವ ಅವ್ವನ ಹೆಸರಿನಲ್ಲಿ ಮೂರು ಗಂಟೆಯೂ ಇರಲಿಲ್ಲ. ವಸೂಲಿಗೆ ಅರವತ್ತರ ಹತ್ತಿರ ಬಂದಿತ್ತು, ಅದರಲ್ಲೂ ಹೆಚ್ಚಿನದು ಇಬ್ಬರೇ ಉದ್ರಿ ಪಾರ್ಟಿಗಳದು. ಅವರಿಬ್ಬರಿಂದ ಬರಬೇಕಾದದ್ದು ಮೂರು ಲಕ್ಷದಷ್ಟು. ಬಡ್ಡಿ ಬಿಟ್ಟು ಅಸಲನ್ನು ಕಂತಿನಲ್ಲಿ ಒಪ್ಪಿಸಿಕೊಂಡು ಆ ಖಾತೆಗಳನ್ನು ಮುಚ್ಚಿದೆ. ನಲವತ್ತು ಸಾವಿರ ಹೋಯಿತು. ಪೇಟೆಯಲ್ಲಿ ನಿಮ್ಮನ್ನು ಇನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ ಎಂದು ಹಿರಿಯರೊಬ್ಬರು ಎಚ್ಚರಿಸಿದರು. ಆದರೆ ಉಳಿದ ಹೊತ್ತಿನಲ್ಲಿ ಜಗಳೂರು ಕಡೆಯ ಹಳ್ಳಿಗಳಿಗೆ ಹೋಗಿ ಕಣದಲ್ಲೇ ಕಾಳು ನೋಡಿ ಬಂದದ್ದರಿಂದ ಮರುವರ್ಷ ಏಳೆಂಟುನೂರು ಚೀಲ ಹೆಚ್ಚು ಬಂತು, ಹೋದ ಹಣ ಎರಡು ಸುಗ್ಗಿಯಲ್ಲಿ ತುಂಬಿತು. ಆ ಇಬ್ಬರೊಡನೆ ಮಾತು ಮುರಿಯದಂತೆ ಹೇಗೆ ಮುಗಿಸಿದೆನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ವ್ಯಾಪಾರದ ಗುಟ್ಟು.

ಇದರ ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಸಾವಿರ ರೂಪಾಯಿ ದಾಟುವ ಯಾವ ಖರೀದಿಯನ್ನಾದರೂ ಮುಂದಿನ ಅಮಾವಾಸ್ಯೆಯವರೆಗೆ ತಡೆದೆ. ಅಷ್ಟರಲ್ಲಿ ಅರ್ಧಕ್ಕರ್ಧ ಬೇಡವೆನಿಸಿ ವರ್ಷಕ್ಕೆ ಇಪ್ಪತ್ತೈದು ಮೂವತ್ತು ಸಾವಿರ ಉಳಿಯಿತು. ಕುಂದವಾಡ ಕೆರೆಯ ಸುತ್ತ ಪೇಟೆಯ ಗೆಳೆಯರೊಡನೆ ನಡೆದಾಗ ಬರೀ ದರದ ಮಾತಾಗಿ ಆ ಹೊತ್ತು ವ್ಯಾಪಾರದ ಖಾತೆಗೇ ಬೀಳುತ್ತಿತ್ತು, ಈಗ ಮಗಳೊಡನೆ ಹೋಗುತ್ತೇನೆ.

ಸುಗ್ಗಿಯೇ ನಿಜವಾದ ಪರೀಕ್ಷೆ. ನವೆಂಬರಿನಲ್ಲಿ ಸಂಜೆ ಬೇಗ ಮನೆಗೆ ಹೋಗುವ ಮಾತೇ ಇಲ್ಲ, ರಾತ್ರಿ ಲೋಡು ಇಳಿಯುವಾಗ ಸಾಹುಕಾರರು ಇಲ್ಲದಿದ್ದರೆ ರೈತರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಅದಕ್ಕೆ ಖರೀದಿದಾರರು ಟೆಂಡರ್ ಹಾಕುವುದಕ್ಕೂ ದರ ಹೊರಬೀಳುವುದಕ್ಕೂ ನಡುವಿನ ಬಿಡುವನ್ನು ಹಿಡಿದೆ. ಮೊದಲು ಚಹಾದ ಅಂಗಡಿಯಲ್ಲಿ ಕಳೆಯುತ್ತಿದ್ದ ಆ ಗಂಟೆಯಲ್ಲಿ ಈಗ ಮನೆಗೆ ಹೋಗಿ ಅವ್ವನ ಜೊತೆ ಊಟ ಮಾಡುತ್ತೇನೆ, ಆ ಹೊತ್ತಿಗೆ ಗುಮಾಸ್ತರು ಅಂಗಡಿ ನೋಡಿಕೊಳ್ಳುತ್ತಾರೆ. ಕಳೆದ ಸುಗ್ಗಿಯ ಒಂದು ತಿಂಗಳಲ್ಲಿ ಅವ್ವನ ಖಾತೆ ಇಪ್ಪತ್ತು ಗಂಟೆ ದಾಟಿತು, ವಸೂಲಿ ಹತ್ತರೊಳಗೆ ಇಳಿಯಿತು. ಇನ್ನೂ ಬಗ್ಗದಿರುವುದು ಮೊಬೈಲಿನ ಖಾತೆ. ಬೇಸಿಗೆ ಭತ್ತದ ಆವಕ ಶುರುವಾಗುವುದರೊಳಗೆ ಅದನ್ನು ಅರ್ಧಕ್ಕಿಳಿಸಲು ಅಂಗಡಿಯ ಕರೆಗಳಿಗೆಂದೇ ಬಟನ್ ಫೋನೊಂದನ್ನು ತಂದಿದ್ದೇನೆ.